ಸೋಡಾ ಅಂಗಡಿಯ ಡಂಗುರ

ಇಂಡಿ ಊರಿನ ಪಂಢರಿನಾಥನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಹಿಟ್ಟಿನ ಗಿರಣಿ ಹಾಕಿದ, ಬಿಟ್ಟ. ಬಾಡಿಗೆ ಸೈಕಲ್ ಇಟ್ಟ, ಬಿಟ್ಟ. ೧೯೭೬ರ ಬೇಸಿಗೆಯಲ್ಲಿ ನಿಂಬೆಹಣ್ಣಿನ ಸೋಡಾ ಅಂಗಡಿ ತೆಗೆದ.

"ಇದೂ ಮುಳುಗಿದರ ನಮ್ಮಣ್ಣನ ಕಿರಾಣಿ ಅಂಗಡ್ಯಾಗ ಪೊಟ್ಟಣ ಕಟ್ಟಲಿಕ್ಕೆ ಹೋಗ್ರಿ," ಎಂದು ಹೆಂಡತಿ ಗೋದೂಬಾಯಿ ಖಡಾಖಂಡಿತ ಹೇಳಿದಳು.

ಅದಕ್ಕೇ ಅವನು ಡಂಗುರ ಸಾರುವ ಖಂಡೆಪ್ಪನಿಂದ ಊರತುಂಬ ಹಲಗೆ ಹೊಡೆಸಿ ಅಂಗಡಿಯ ಸುದ್ದಿ ಸಾರಿಸಿದ. ಹಲಗೆಯ ಸದ್ದು ಕೇಳಿದ್ದೇ ತಡ, ಮಾತು ಕೇಳುವ ಮೊದಲೇ ಗಂಡಸರೆಲ್ಲ ಹಿತ್ತಲಿನಿಂದ ಹೊಲಕ್ಕೆ ಓಡಿದರು. ತುರ್ತುಪರಿಸ್ಥಿತಿಯ ಆ ವರ್ಷ ಹಲಗೆ ಬಾರಿಸುತ್ತಿದ್ದದ್ದು ಮಕ್ಕಳಾಗದಂತೆ ಮಾಡುವ ಸರ್ಕಾರಿ ಆಪರೇಷನ್ನಿಗೆ ಗಂಡಸರನ್ನು ಕರೆಯಲಿಕ್ಕೆ.

ಮಧ್ಯಾಹ್ನದವರೆಗೆ ಒಂದು ಬಾಟಲಿಯೂ ಹೋಗಲಿಲ್ಲ. ಪಂಢರಿನಾಥ ಕೂತ, ಎದ್ದ, ಮತ್ತೆ ಕೂತ. ಕೊನೆಗೆ ಬಾಟಲಿಗಳನ್ನು ಕೈಗಾಡಿಗೆ ಹೇರಿಕೊಂಡು ಹೊಲದ ದಾರಿ ಹಿಡಿದ. ಬೇವಿನ ಗಿಡದ ಕೆಳಗೆ ಅಡಗಿದ್ದವರ ಗಂಟಲು ಒಣಗಿತ್ತು.

"ಡಾಕ್ಟರ್ ಬಂದಾನೇನೋ ಪಂಢರಿ?" ಬಸಂತರಾಯ ಪಿಸುಗುಟ್ಟಿದ.

"ಡಾಕ್ಟರೂ ಇಲ್ಲ, ಕತ್ತರಿನೂ ಇಲ್ಲೋ ಮಾರಾಯ. ಸೋಡಾ ಕುಡಿ!"

ಸಂಜೆ ಖಾಲಿ ಬಾಟಲಿಗಳ ಗಾಡಿ ನೋಡಿ ಗೋದೂಬಾಯಿ ನಕ್ಕಳು. "ನಾಳೆನೂ ಹಲಗಿ ಹೊಡಸ್ರಿ."

ಪಂಢರಿನಾಥ ಕೇಳಿಸಿಕೊಳ್ಳಲಿಲ್ಲ. ಆಗಲೇ ಅವನು ಗಾಡಿಗೆ ದೊಡ್ಡ ಗಾಲಿ ಹಾಕಿಸಿ ಪಕ್ಕದ ತಾಲೂಕಿನ ಸಿಂದಗಿವರೆಗೆ ಹೋಗುವ ಯೋಚನೆಯಲ್ಲಿದ್ದ.