ಕೇಳದೆ ಬಂದ ಉಪ್ಪು

ನಮ್ಮ ಹಲಸೂರಿನ ಮನೆಯಲ್ಲಿ ಉಪ್ಪಿನ ಡಬ್ಬಿ ಯಾವಾಗಲೂ ಬೇಕಾದವರ ಕೈಗೆಟುಕದಷ್ಟು ದೂರದಲ್ಲಿರುತ್ತದೆ. ಅಜ್ಜಿ "ಉಪ್ಪೂ…" ಎಂದು ಎಳೆಯುವ ರಾಗ ಕೆರೆ ಏರಿಯವರೆಗೂ ಕೇಳುತ್ತದೆ. ಆ ರಾಗವನ್ನು ಕದ್ದೇ ನಾನು ಅಣಕದ ಕಲೆಗೆ ಓನಾಮ ಹಾಕಿದ್ದು. ಮುಖ ಕೊಡುವಾಗ ಜಿಪುಣತನ ಮಾಡಿದ ದೇವರು ನನ್ನ ಗಂಟಲಿನಲ್ಲಿ ಮಾತ್ರ ಊರನ್ನೆಲ್ಲ ಬಾಡಿಗೆಗಿಟ್ಟಿದ್ದಾನೆ.

ಇಂಥ ಬಾಯಿಬಡುಕನಿಗೆ ಕೆಲಸ ಸಿಕ್ಕಿದ್ದೆಲ್ಲಿ ಅಂತೀರಿ? ರಿಚರ್ಡ್ಸ್ ಟೌನಿನ ಹಳೆಯ ಕ್ರೈಸ್ತ ಮಠದಲ್ಲಿ! ಸಂನ್ಯಾಸಿಗಳು ಹೋಗಿ, ಮರದ ಸಂತರೂ ಸೀರೆಯುಟ್ಟ ಮರಿಯಮ್ಮನ ಚಿತ್ರಗಳೂ ಉಳಿದು ಅದೀಗ ವಸ್ತುಸಂಗ್ರಹಾಲಯ; ನಾನಲ್ಲಿ ಗೈಡು. ಒಮ್ಮೆ ಒಬ್ಬ ಮರದ ಸಂತನನ್ನು ಮಾತಾಡಿಸುವಾಗ, ನೋಡಲು ಬಂದಿದ್ದ ಹಿರಿಯರೊಬ್ಬರ ದನಿಯನ್ನೇ ಅವರೆದುರೇ ಅವನಿಗೆ ಕೊಟ್ಟೆ. ಅವರು ದೂರು ಕೊಟ್ಟರು. ಮೇಲ್ವಿಚಾರಕಿ ಫಿಲೋಮಿನಾ ಮೇಡಂ ಗುಡುಗಿದರು: "ಇನ್ನೊಂದ್ ಕಂಪ್ಲೇಂಟ್ ಬಂದ್ರೆ ನಿಂಗೆ ಟಾಟಾ, ಮ್ಯಾನ್. ನಿನ್ ಸಂತರೆಲ್ಲ ಸೇರಿ ಅತ್ರೂ ಉಳ್ಸಲ್ಲ."

ಮರುದಿನವೇ ಲಿಂಗರಾಜಪುರದಿಂದ ಕಿವಿ ಕೇಳದ ಗೆಳೆಯರ ತಂಡವೊಂದು ಬಂತು. ಅವರಿಗೆ ನನ್ನ ಮಾತನ್ನು ಸನ್ನೆಯಲ್ಲಿ ತಿಳಿಸಬೇಕಾದವನು ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಗಂಟಲೊಂದೇ ಆಸ್ತಿಯಾದವನು ಏನು ಮಾಡಲಿ? ಮೇಡಂ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

ಊಟದ ಮನೆಗೆ ಕರೆದೊಯ್ದೆ. ಅಲ್ಲಿ ಸಂನ್ಯಾಸಿಗಳ ಕಾಲದ ಪದ್ಧತಿ ಹೀಗೆ: ಉಣ್ಣುವಾಗ ಮಾತಿಲ್ಲ, ತನಗೆ ಬೇಕಾದ್ದನ್ನು ತಾನೇ ಕೇಳುವಂತೆಯೂ ಇಲ್ಲ. ಪಕ್ಕದವನೇ ನಿಮ್ಮ ತಟ್ಟೆ ನೋಡಿ, ನಿಮ್ಮ ಪರವಾಗಿ ಸನ್ನೆ ಮಾಡಬೇಕು. ಆ ಮೌನವನ್ನು ದಿನವೂ ಅರಚಿ ವಿವರಿಸುತ್ತಿದ್ದ ಮಹಾಶಯ ನಾನು! ಅಂದು ಸುಮ್ಮನೆ ಬೆಂಚಿನಲ್ಲಿ ಕೂತು ಇಲ್ಲದ ಗಂಜಿ ಉಂಡೆ. ಸಪ್ಪೆಯೆಂದು ಮುಖ ಕಿವುಚಿದೆ. ಮೇಜಿನ ತುದಿಯಲ್ಲಿದ್ದ ಮರದ ಉಪ್ಪಿನ ಬಟ್ಟಲಿಗೆ ಕೈಚಾಚಿ, ನಿಯಮ ನೆನಪಾದವನಂತೆ ತುಟಿಗೆ ಬೆರಳಿಟ್ಟು ಕೈ ಎಳೆದುಕೊಂಡೆ. ಪಕ್ಕದ ಮರದ ಸಂತನನ್ನು ದೀನನಾಗಿ ನೋಡಿದೆ, ಮಹಾನುಭಾವ ಕದಲಲಿಲ್ಲ. ತಂಡ ನಕ್ಕಿತು. ಹಸಿರು ದುಪಟ್ಟಾದ ಯುವತಿಯೊಬ್ಬಳು ಸರಸರನೆ ಬಂದು ನನ್ನ ಪಕ್ಕ ಕೂತು, ಮೇಡಂ ಕಡೆ ಉಪ್ಪು ಉದುರಿಸುವಂತೆ ಬೆರಳುಜ್ಜಿ ತೋರಿಸಿದಳು: ಇವನಿಗೆ ಉಪ್ಪು ಕೊಡಿ!

'ಮುಟ್ಟಬೇಡಿ' ಎಂಬ ಫಲಕವನ್ನು ತಾವೇ ಬರೆಸಿದ್ದ ಮೇಡಂ, ಆ ಬಟ್ಟಲನ್ನು ಎತ್ತಿ ತಂದು ನನ್ನ ಮುಂದಿಟ್ಟರು. ತಂಡದವರು ಎತ್ತಿದ ಕೈಗಳೆಲ್ಲ ಅರಳಿ ಎಲೆಗಳಂತೆ ಅಲುಗಿದವು. ಅದು ಅವರ ಚಪ್ಪಾಳೆ. ಅಷ್ಟು ದೊಡ್ಡ ಸದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ.

"ನಾಳೆ ಬಾ, ಮ್ಯಾನ್," ಎಂದರು ಮೇಡಂ. "ಬಾಯ್ ಮಾತ್ರ ಮನೇಲ್ ಬಿಟ್ಟು ಬಾ."

ದನಿ ಕದಿಯುವುದು ಸಲೀಸು, ಸ್ವಾಮಿ. ಇನ್ನೊಬ್ಬರ ತಟ್ಟೆಯ ಸಪ್ಪೆ ನಮ್ಮ ನಾಲಿಗೆಗೆ ತಾಗುವುದಿದೆಯಲ್ಲ, ಅಣಕದ ಪರಮ ಪದವಿ ಅದು.

ಮನೆಯಲ್ಲಿ ಅಂದು ಅಜ್ಜಿ ರಾಗಕ್ಕೆ ಬಾಯಿ ತೆರೆಯುವ ಮೊದಲೇ ಉಪ್ಪಿನ ಡಬ್ಬಿಯನ್ನು ಅವಳತ್ತ ಸರಿಸಿದೆ. ನನ್ನ ಸಾರೂ ಸಪ್ಪೆಯೇ, ಕೇಳದೆ ಕಾದೆ. ಅಜ್ಜಿ ನನ್ನನ್ನೂ ತಟ್ಟೆಯನ್ನೂ ನೋಡಿ, ಒಂದು ಚಿಟಿಕೆ ಉದುರಿಸಿದಳು: "ಯಾಕ್ಲಾ, ಕೇಳಕ್ಕೆ ಬಾಯ್ ಬಿದ್ದೋಗಿದ್ಯಾ?"