ಹೊಳೆಯ ಕಡೆಯ ಬಾಯಿ

ಐರಣಿಯಲ್ಲಿ ನಿಂತು ಹೊಳಿಯವ್ವಾ ಎಂದು ಕೂಗಿದರೆ ನಾಲ್ಕು ಮನೆಯಿಂದ ನಾಲ್ವರು ಓ ಅನ್ನುತ್ತಾರೆ. ತುಂಗಭದ್ರೆಯ ದಂಡೆಯ ಊರು, ಹೊಳೆಯ ಹೆಸರಿಟ್ಟುಕೊಂಡವರಿಗೆ ಬರವೇ? ಆದರೆ ‘ಹೊಗಿ ಹೊಳಿಯವ್ವ’ ಅಂದರೆ ಒಬ್ಬಳೇ. ಹಾಲೇಶಪ್ಪನ ಹೆಂಡತಿ, ಐವತ್ತರ ಆಚೀಚೆ, ಮಾತು ಕಡಿಮೆ, ಕೈ ಚುರುಕು. ಈಗ ಆ ಹೆಸರಿನಿಂದ ಕರೆದರೆ ತಿರುಗಿಯೂ ನೋಡುವುದಿಲ್ಲ.

ಹೆಸರು ಬಂದದ್ದು ಮುಳ್ಳುಹಂದಿಯಿಂದ. ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಅವು ಹೊಲಕ್ಕೆ ಇಳಿದವೆಂದರೆ ಮುಗಿಯಿತು. ತಿನ್ನುವುದು ಒಂದು ತೆನೆ, ಬುಡ ಕಡಿದು ಕೆಡವುವುದು ಹತ್ತು ದಂಟು. ಅಷ್ಟು ಶಿಸ್ತಿನ ಹಾಳುಗೆಡಹುವಿಕೆಯನ್ನು ನಮ್ಮ ಶತ್ರುಗಳೂ ಮಾಡಲಾರರು! ತಂತಿ ಬೇಲಿ ಹಾಕಿದರೆ ಕೆಳಗೆ ಮಣ್ಣು ತೋಡಿ ಬರುತ್ತವೆ. ಹೊಡೆದರೆ ಅರಣ್ಯ ಇಲಾಖೆಯವರ ಕೇಸು. ಆಗ ರೈತರು ಹೊಳಿಯವ್ವನ ಮನೆಯ ಮುಂದೆ ಬಂದು ನಿಲ್ಲುತ್ತಿದ್ದರು.

ಅವಳ ಹತ್ತಿರ ಇದ್ದದ್ದು ಒಂದು ಒಡಕು ಗಡಿಗೆ, ಒಂದು ಹಳೆಯ ಮೊರ, ಒಂದು ಚೀಲ ಮೆಣಸಿನಕಾಯಿ ತೊಟ್ಟು. ಸುಗ್ಗಿಯಲ್ಲಿ ಬ್ಯಾಡಗಿಗೆ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳಲ್ಲ, ಬರುವಾಗ ಕಸವೆಂದು ಗುಡಿಸಿಟ್ಟ ತೊಟ್ಟು, ಬೀಜ, ಪುಡಿಯನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತುತ್ತಿದ್ದಳು. ಗಡಿಗೆಯಲ್ಲಿ ಕೆಂಡ, ಕೆಂಡದ ಮೇಲೆ ಸಗಣಿಯ ಕುಳ್ಳು, ಅದರ ಮೇಲೆ ತೊಟ್ಟು. ಬಿಲದ ಬಾಯಿಗಿಟ್ಟು ಮೊರದಿಂದ ಗಾಳಿ ಹಾಕಿದರೆ ಒಳಗಿದ್ದವು ಮುಳ್ಳು ಖಡಖಡಿಸುತ್ತ ಇನ್ನೊಂದು ಬಾಯಿಂದ ಹೊಳೆಯ ಕಡೆಗೆ ಓಡುತ್ತಿದ್ದವು. ಓಡುವಾಗ ಉದುರಿದ ಮುಳ್ಳನ್ನು ಆರಿಸಿ ದನದ ಕೊಟ್ಟಿಗೆಯ ಸೂರಿಗೆ ಸಿಗಿಸುತ್ತಿದ್ದಳು. ಮನೆಯೊಳಗೆ ತಂದರೆ ಗಂಡ ಹೆಂಡಿರಿಗೆ ಜಗಳ ಅನ್ನುತ್ತಾರೆ. ಆದರೆ ಕುಬಸದ ದಿನ ಬಸುರಿಗೆ ಬೈತಲೆ ತೆಗೆಯಲು ಅದೇ ಮುಳ್ಳು ಬೇಕು. ಊರಿನ ಹೆಂಗಸರು ಕೊಟ್ಟಿಗೆಗೇ ಬಂದು ಕೇಳಿ ಒಯ್ಯುತ್ತಿದ್ದರು.

“ಹೆಣಕ್ಕ ಸಿಂಗಾರ ಮಾಡಬಾರದು, ಊರಿಗೆ ಉಪಕಾರ ಮಾಡಬಾರದು” ಎಂದು ಹಾಲೇಶಪ್ಪ ಚೇಷ್ಟೆ ಮಾಡುತ್ತಿದ್ದ. ಅವಳು ನಕ್ಕು ಗಡಿಗೆ ಎತ್ತಿಕೊಂಡು ಹೊರಡುತ್ತಿದ್ದಳು.

ವಿದ್ಯೆ ಕಲಿಸಿದ ಅತ್ತೆ ಒಂದೇ ಮಾತು ಹೇಳಿ ಸತ್ತಿದ್ದಳು: “ಎಲ್ಲಾ ಬಾಯಿ ಮುಚ್ಚು, ಹೊಳಿ ಕಡಿ ಬಾಯಿ ಮಾತ್ರ ಬಿಡು. ಓಡಿಸೋದು ನಮ್ಮ ಕೆಲಸ. ಕೊಲ್ಲೋದಲ್ಲ.”

ಮೂರು ವರ್ಷದ ಹಿಂದೆ ಅವಳದೇ ಹೊಲಕ್ಕೆ ಬಿದ್ದವು. ಎರಡು ಸಲ ಓಡಿಸಿದಳು, ಎರಡು ಸಲವೂ ನಾಲ್ಕು ದಿನಕ್ಕೆ ತಿರುಗಿ ಬಂದವು. ಅರ್ಧ ಎಕರೆ ನೆಲಕ್ಕೆ ಮಲಗಿತು. ಮೂರನೆಯ ಸಲ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬಿಲಕ್ಕೆ ಹೊಗೆ ತುಂಬಿ ಅದರ ಐದು ಬಾಯಿಗೂ ಕಲ್ಲು ಜಡಿದಳು. ಹೊಳೆಯ ಕಡೆಯದಕ್ಕೂ.

“ಈಗ ಹೆಂಗ ಬರ್ತೀರಿ ಬರ್ರಿ, ನೋಡ್ತೇನಿ” ಅಂದಳಂತೆ.

ಏನಾಯಿತೆಂದು ಊರವರು ಕೇಳಿದಾಗ ಒಂದೇ ಉತ್ತರ: “ಒಂದ ಉಸಿರಿಗೆ ಮುಗೀತು.” ಮುಂದಿನ ಮಳೆಗಾಲದಲ್ಲಿ ಹೊಳೆ ತುಂಬಿ ದಂಡೆ ಜರಿಯಿತು. ಬಿಲ ತೆರೆದುಕೊಂಡಿತು. ಹೊಳೆಯ ಕಡೆಯ ಕಲ್ಲಿಗೆ ಮುಖ ಕೊಟ್ಟು ಎರಡು ದೊಡ್ಡವುಗಳ ಎಲುಬು ಮುಳ್ಳು, ನಡುವೆ ಒಂದು ಅಂಗೈಯಗಲದ ಮರಿಯದು. ಮರಿಯ ಮುಳ್ಳು ಇನ್ನೂ ಬಲಿತಿರಲಿಲ್ಲ. ಕಲ್ಲಿನ ಸುತ್ತ ಉಗುರಿನ ಗೀರು.

ಹೊಳಿಯವ್ವ ಅದನ್ನು ನೋಡಿ ಮನೆಗೆ ಬಂದು ಗಡಿಗೆ ಒಡೆದಳು. ಸೂರಿನ ಮುಳ್ಳನ್ನೆಲ್ಲ ಹೊಳೆಗೆ ಹಾಕಿದಳು. ಆದರೆ ಕಿವಿಯಿಂದ ಮುಳ್ಳಿನ ಸಪ್ಪಳ ಹೋಗಲಿಲ್ಲ. ಒಣಗಿದ ಜೋಳದ ಸೊಪ್ಪೆ ಅಲುಗಿದರೆ ಖಡಖಡ. ಚೀಲದಲ್ಲಿ ಸ್ಟೀಲಿನ ಲೋಟ ತಾಗಿದರೆ ಖಡಖಡ. ಒಮ್ಮೆ ರಾಣೆಬೆನ್ನೂರಿನ ಬಸ್ಸಿನಲ್ಲಿ ಕಿಟಕಿಯ ಗಾಜು ಅಲುಗಿದ್ದಕ್ಕೆ ಅರ್ಧ ದಾರಿಯಲ್ಲಿ ಇಳಿದು ಬಿಸಿಲಿನಲ್ಲಿ ನಡೆದು ಬಂದಳು. ಹಾಲೇಶಪ್ಪ ಡಾಕ್ಟರ ಹತ್ತಿರ ಕರೆದೊಯ್ದ. ಕಿವಿ ಛಲೋ ಅದಾವ ಅಂದರು ಅವರು. ಛಲೋ ಇದ್ದದ್ದೇ ತೊಂದರೆ! ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಳು. ಖಡಖಡ ಕೇಳಿದರೆ ನಿಲ್ಲಬಾರದು, ತಿರುಗಿ ನೋಡಬಾರದು, ಕೈಗೆ ಸಿಕ್ಕ ಕೆಲಸ ಹಿಡಿಯಬೇಕು. ವರ್ಷ ಒಪ್ಪತ್ತಿನಲ್ಲಿ ಅದು ರೂಢಿಯಾಯಿತು.

ಈ ಸಲದ ಮಾಗಿಯಲ್ಲಿ ಮಗಳು ಶ್ರೀದೇವಿ ಬಾಣಂತನಕ್ಕೆ ಬಂದಳು. ಕರ್ಜಗಿಗೆ ಕೊಟ್ಟ ಮಗಳು, ಚೊಚ್ಚಲು ಹೆರಿಗೆ, ಹೆಣ್ಣು ಕೂಸು. ಬಾಣಂತಿಯ ಕೋಣೆ ಅಂದರೆ ಗೊತ್ತೇ ಇದೆಯಲ್ಲ: ನೀರು ಎರೆದಾದ ಮೇಲೆ ಕಿಟಕಿ ಬಾಗಿಲು ಮುಚ್ಚಿ, ಅಗ್ಗಿಷ್ಟಿಕೆಯ ಕೆಂಡಕ್ಕೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕಿ ತಾಯಿ ಮಗುವಿಗೆ ಹೊಗೆ ಕೊಡಬೇಕು. ಆಸ್ಪತ್ರೆಯ ನರ್ಸು ಬೇಡವೆಂದಿದ್ದಳು. ಆದರೆ ನರ್ಸಿನ ಮಾತು ಮಂಗಳವ್ವನ ಮುಂದೆ ನಡೆದೀತೇ? ಮಂಗಳವ್ವ ಹಾಲೇಶಪ್ಪನ ಅಕ್ಕ, ಊರಿನ ಕೂಸುಗಳಿಗೆಲ್ಲ ಎರೆದ ಕೈ.

“ಊರ ಮಂದಿ ಹೊಲಕ್ಕೆಲ್ಲಾ ಹೊಗಿ ಹಾಕಿದಾಕಿ, ಹೊಟ್ಯಾಗ ಹುಟ್ಟಿದ ಮಗಳಿಗೆ ಒಲ್ಲೆ ಅಂತಿಯಲ್ಲ. ನಾವೇನ ಹೊಗಿ ಇಲ್ಲದ ಬೆಳದೇವೇನ?” ಎಂದು ದಿನವೂ ಚುಚ್ಚಿದಳು.

ಹೊಳಿಯವ್ವ ಎಂಟು ದಿನ ತಡೆದಳು. ಒಂದು ದಿನ ಕೆಂಡ ಆರಿತು ಅಂದಳು, ಒಂದು ದಿನ ಲೋಬಾನ ತೀರಿತು ಅಂದಳು. ಮುಚ್ಚಿದ ಕೋಣೆ, ಹೊಗೆ, ಒಳಗೊಂದು ಮರಿ. ಈ ಕೂಸಿಗೆ ಏನಾದರೂ ಆದರೆ ಅದು ತನ್ನ ಲೆಕ್ಕಕ್ಕೇ ಅಂತ ಅವಳಿಗೆ ಖಾತ್ರಿಯಿತ್ತು.

ಒಂಬತ್ತನೆಯ ದಿನ ಮುಂಜಾನೆ ಅವಳು ಬಟ್ಟೆ ಒಗೆಯಲು ಹೊಳೆಗೆ ಹೋದಳು. ಇಷ್ಟೇ ಸಾಕಾಯಿತು. ಮಂಗಳವ್ವ ಅಗ್ಗಿಷ್ಟಿಕೆ ಒಳಗಿಟ್ಟಳು. ಕೂಸಿಗೆ ದೃಷ್ಟಿಯೂ ಹೋಗಲೆಂದು ಕೊಟ್ಟಿಗೆಯ ಮೂಲೆಯಲ್ಲಿ ಉಳಿದಿದ್ದ ಚೀಲದಿಂದ ಒಂದು ಹಿಡಿ ಮೆಣಸಿನಕಾಯಿ ತೊಟ್ಟು ಕೆಂಡಕ್ಕೆ ಸುರಿದಳು. ಗಾಳಿಗೆ ಬಾಗಿಲು ತೆರೆದುಕೊಳ್ಳದಿರಲಿ ಎಂದು ಹೊರಗಿನಿಂದ ಚಿಲಕ ಹಾಕಿ, ಹೊಸ್ತಿಲ ಸಂದಿಗೆ ಗೋಣಿಚೀಲ ತುರುಕಿ, ಪಡಸಾಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಳು.

ಹೊಳಿಯವ್ವ ಬಟ್ಟೆಯ ಬುಟ್ಟಿ ಹೊತ್ತು ಒಳಗೆ ಬಂದಳು. ಖಡ್ ಖಡ್ ಖಡ್.

ಬಂತು ಮಾರಾಯಾ ಎಂದುಕೊಂಡಳು. ಕೋಣೆಯ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ರೂಢಿಯಂತೆ, ತಿರುಗಿ ನೋಡದೆ ಹಿತ್ತಲಿಗೆ ಹೋದಳು. ಕಾಲು ತೊಳೆದಳು. ಒಂದು ಲೋಟ ನೀರು ಕುಡಿದಳು. ಒಂದು ಸೀರೆ ಹಿಂಡಿ ಹರವಿದಳು. ಖಡಖಡ ನಿಧಾನವಾಗುತ್ತ ಬಂತು.

ಅಷ್ಟರಲ್ಲಿ ಪಡಸಾಲೆಯಿಂದ ಮಂಗಳವ್ವನ ದನಿ: “ಸ್ವಲ್ಪ ತಡಕೋ ಶ್ರೀದೇವಿ! ಬಾಗಲಾ ಬಡೀಬ್ಯಾಡವಾ, ಕೂಸು ಬೆಚ್ಚತೈತಿ.”

ಹೊಳಿಯವ್ವನ ಕೈಯಿಂದ ಸೀರೆ ಜಾರಿತು. ಮೂರು ವರ್ಷದಲ್ಲಿ ಆ ಸಪ್ಪಳ ಇನ್ನೊಬ್ಬರಿಗೆ ಕೇಳಿಸಿದ್ದು ಅದೇ ಮೊದಲು.

ಓಡಿದಳು. ಚಿಲಕ ಕಿತ್ತು ಬಂತು. ಕೋಣೆಯಿಂದ ನುಗ್ಗಿದ ಹೊಗೆಗೆ ಮಂಗಳವ್ವ ಅಲ್ಲೇ ಕೆಮ್ಮಿ ಕುಸಿದಳು. ಶ್ರೀದೇವಿ ಬಾಗಿಲ ಬುಡದಲ್ಲಿ ಕೂಸನ್ನು ಸೆರಗಿನಲ್ಲಿ ಸುತ್ತಿ ನೆಲಕ್ಕೆ ಮುಖವಿಟ್ಟಿದ್ದಳು; ಗಂಟಲು ಕಟ್ಟಿ ಕೂಗಲೂ ಆಗಿರಲಿಲ್ಲ. ಹೊಳಿಯವ್ವ ತಾಯಿ ಕೂಸು ಇಬ್ಬರನ್ನೂ ಅಂಗಳಕ್ಕೆ ಎಳೆದಳು. ಕೂಸಿನ ತುಟಿ ನೀಲಿಯಾಗಿತ್ತು. ಬೆನ್ನು ತಿಕ್ಕಿದಳು, ಅಂಗಾಲು ತಟ್ಟಿದಳು, ಎಲ್ಲ ದೇವರಿಗೂ ಬೈದಳು. ಎಷ್ಟೋ ಹೊತ್ತಿನ ಮೇಲೆ ಕೂಸು ಸಣ್ಣಗೆ ಕೆಮ್ಮಿ ಅತ್ತಿತು.

ಗದ್ದಲ ಕೇಳಿ ಬಂದ ಹಾಲೇಶಪ್ಪ ಆಸ್ಪತ್ರೆಗೆ ಒಯ್ಯಲು ಗಾಡಿ ತರಲು ಓಡಿದ. ಶ್ರೀದೇವಿ ಕೂಸನ್ನು ಎದೆಗವುಚಿಕೊಂಡು ಕೆಂಪು ಕಣ್ಣಿಂದ ತಾಯಿಯನ್ನು ನೋಡಿದಳು.

“ಹಲಗಿ ಸಂದ್ಯಾಗ ನಿನ್ನ ಸೀರಿ ಕಂಡೆ ಯವ್ವಾ. ಬಂದಿ, ನಿಂತಿ, ಮತ್ತ ಹೊಳ್ಳಿ ಹೋದಿ. ಕೇಳಿಸಲಿಲ್ಲೇನ ನಿನಗ?”

“ಕೇಳಿಸಿತವಾ.”

“ಕೇಳಿಸಿದ್ರೂ ಹೋದ್ಯಾ?”

ಹೊಳಿಯವ್ವ ಅಂಗಳದ ಮಣ್ಣಿನಲ್ಲಿ ಮಗಳ ಮುಂದೆ ಕುಳಿತಳು.

“ಅವತ್ತೂ ಕೇಳಿಸಿತ್ತು. ಒಂದ ಉಸಿರಿಗೆ ಮುಗೀಲಿಲ್ಲವಾ ಅವು. ಎರಡು ದಿನಾ ಖಡಖಡ ಅಂದ್ವು. ನಾ ಅಲ್ಲೇ ಉಳದ ತೆನಿ ಮುರಿಯಾಕತ್ತಿದ್ನಿ. ಒಂದು ಕಲ್ಲು ಸರಿಸಿದ್ರ ಆಗ್ತಿತ್ತು. ಸರಿಸಲಿಲ್ಲ.”

“ಹಂದಿ ಮಾತು ಈಗ್ಯಾಕ ಹುಚ್ಚಿ?” ಎಂದು ಮಂಗಳವ್ವ ಕೆಮ್ಮುತ್ತ ಬೈದಳು.

ರಸ್ತೆಯಲ್ಲಿ ಗಾಡಿಯ ಸಪ್ಪಳವಾಯಿತು. ಮಗಳು ಏಳಲೆಂದು ಹೊಳಿಯವ್ವ ಕೂಸನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದಳು. ಶ್ರೀದೇವಿ ಆ ಕೈಗಳನ್ನು ನೋಡಿದಳು. ಕೂಸನ್ನು ಆಚೆಯ ಹೆಗಲಿಗೆ ಬದಲಿಸಿ, ಗೋಡೆ ಹಿಡಿದುಕೊಂಡು ತಾನೇ ಎದ್ದು ಗಾಡಿಯ ಕಡೆಗೆ ನಡೆದಳು.