ಉಗುರಿನ ಮೇಲೊಂದು ತೊಟ್ಟು ಹಸಿರು

ಈಗಷ್ಟೇ ಬೆಳಕು ಹರಿದಿದೆ. ಅಡುಗೆಮನೆ ಪಕ್ಕದ ಕಿರುಕೋಣೆಯಲ್ಲಿ, ಬೀದಿಯವರೆಲ್ಲ ‘ಬಣ್ಣದಕ್ಕ’ ಎಂದು ಕರೆಯುವ ಹೆಂಗಸು ಆಗಲೇ ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತಿದ್ದಾರೆ. ಎಡ ಹೆಬ್ಬೆರಳಿನ ಉಗುರಿನ ಮೇಲೆ ಒಂದು ತೊಟ್ಟು ಹಸಿರು. ಅದನ್ನು ಗೇಣುದ್ದದ ರೈಲು ಎಂಜಿನ್ನಿನ ಪಕ್ಕಕ್ಕೆ ಹಿಡಿದು ನೋಡಿ, ಊಹೂಂ ಎಂದು ಒರೆಸಿಹಾಕುತ್ತಾರೆ. ಸೂಜಿಮೊನೆಯಷ್ಟು ಕಂದು ಬೆರೆಸಿ ಮತ್ತೆ ಹಚ್ಚುತ್ತಾರೆ.

ಆಟದ ಸಾಮಾನು ಎಂದೀರಿ, ಜೋಕೆ! ದೊಡ್ಡವರು ಕೋಣೆ ತುಂಬ ಹಳಿ ಹಾಸಿ ಓಡಿಸುವ ಮಾದರಿ ರೈಲುಗಳಿವು. ಬಣ್ಣ ಚಕ್ಕೆಯೆದ್ದರೆ ಒಡೆಯರಿಗೆ ಊಟ ಸೇರುವುದಿಲ್ಲ. ಅಪ್ಪನ ಕಾಲದ ಈ ಎಂಜಿನ್ನಿಗೆ ಇಬ್ಬರು ಒಡೆಯರು, ಅಣ್ಣ ಮತ್ತು ತಮ್ಮ. ತಮ್ಮ ಕೈಜಾರಿ ಬೀಳಿಸಿದ ದಿನದಿಂದ ಅಣ್ಣ ಮಾತು ಬಿಟ್ಟಿದ್ದಾರೆ. ಇವತ್ತು ಇಬ್ಬರೂ ಬರುತ್ತಾರೆ. ತೇಪೆ ಕಂಡಿತೋ, ಮುನಿಸು ಗಟ್ಟಿಯಾಯಿತು.

ಆ ತಮ್ಮನ ಅವಸರಕ್ಕೆ ಸೋತು ಬಣ್ಣದಕ್ಕ ಮೊನ್ನೆ ಸಂಜೆ ದೀಪದಡಿಯಲ್ಲೇ ಬಣ್ಣ ಕೂಡಿಸಿದ್ದರು. ಮರುದಿನ ಬೆಳಗ್ಗೆ ನೋಡಿದರೆ ಹಳೇ ಅಂಗಿಗೆ ಹೊಸ ತೇಪೆ! ಎಲ್ಲ ಕೆರೆದು ತೆಗೆದು ಈಗ ಮತ್ತೆ ಕೂತಿದ್ದಾರೆ. “ದೀಪ ಸುಳ್ಳು ಹೇಳುತ್ತೆ ಅಂತ ಗೊತ್ತಿದ್ದೂ ಮಾಡ್ದೆ ನೋಡಿ,” ಎಂದು ತಮಗೆ ತಾವೇ ಬೈದುಕೊಳ್ಳುತ್ತಾರೆ.

ಮೊದಲು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದವರು ಇವರು. ಆ ಘಾಟಿಗೆ ಎದೆ ಕೆಟ್ಟು, ಮೆಟ್ಟಿಲು ಹತ್ತಿದರೆ ಏದುಸಿರು ಬರುವಂತಾಗಿ ಕೆಲಸ ಬಿಡಬೇಕಾಯಿತು. ಆಗ ಕೈಹಿಡಿದದ್ದು ಈ ಪುಟ್ಟ ಕುಂಚ. ಡಬ್ಬಿಯ ಹಸಿರನ್ನೇ ಬಳಿದರಾಗದೇ ಎಂದರೆ ನಗುತ್ತಾರೆ. “ಇದು ಬಿಸಿಲು ಕಂಡಿದೆ, ಅವರಪ್ಪನ ಕೈ ಕಂಡಿದೆ. ಹೊಸ ಬಣ್ಣಾನೂ ಅದೇ ವಯಸ್ಸಿಗೆ ಬರಬೇಕಲ್ವಾ?” ಗಂಡನದು ಮಾತ್ರ ಒಂದೇ ತಕರಾರು: ರೈಲಿನ ಬಾಗಿಲು ಮಾಸಿದ್ದು ಕಾಣುವ ಕಣ್ಣಿಗೆ ತನ್ನ ಕಾಲರ್ ಮಾಸಿದ್ದು ಕಾಣುವುದಿಲ್ಲವಂತೆ.

ಬಣ್ಣ ಒಣಗಿದರೆ ಒಂಚೂರು ಗಾಢವಾಗುತ್ತದೆ. ಹಾಗಾಗಿ ಉಗುರು ಒಣಗುವ ತನಕ ಅಕ್ಕ ಒಂದೇ ಕೈಯಲ್ಲಿ ಚಹಾ ಕಾಸುತ್ತಾರೆ. ಬಂದು ಮತ್ತೆ ಹಿಡಿದು ನೋಡುತ್ತಾರೆ. ಈ ಸಲ ತಲೆಯಾಡಿಸಿ ಕುಂಚ ಎತ್ತಿಕೊಳ್ಳುತ್ತಾರೆ.

ಅಣ್ಣತಮ್ಮಂದಿರು ಬರುವ ಹೊತ್ತಿಗೆ ಬಿಸಿಲೇರಿದೆ. ಅಣ್ಣ ಕನ್ನಡಕ ಏರಿಸಿ, ಎಂಜಿನ್ನನ್ನು ಕಿಟಕಿಗೆ ಹಿಡಿದು ಎರಡೂ ಮಗ್ಗುಲು ತಿರುಗಿಸುತ್ತಾರೆ. ಕೊನೆಗೆ ಅವರು ತಿರುಗುವುದು ತಮ್ಮನ ಕಡೆಗೆ.

“ಯಾವ ಕಡೆನೋ ಬಿದ್ದಿದ್ದು?”

ಬೀಳಿಸಿದವರೇ ಬಗ್ಗಿ ಹುಡುಕುತ್ತಾರೆ, ಗೊತ್ತಾಗುವುದಿಲ್ಲ. ಆ ಕಡೆ ಎಂದು ಒಬ್ಬರು, ಈ ಕಡೆ ಎಂದು ಇನ್ನೊಬ್ಬರು ವಾದಿಸುತ್ತಲೇ ಜೊತೆಯಾಗಿ ಮೆಟ್ಟಿಲಿಳಿಯುತ್ತಾರೆ.

ಅಕ್ಕನ ಮುಖ ಅರಳಿದೆ. ಉಗುರಿನ ಹಸಿರನ್ನು ಬಟ್ಟೆಯಿಂದ ಉಜ್ಜುತ್ತ ಹೇಳುತ್ತಾರೆ: “ಆ ತೇಪೆ ನನಗಿನ್ನೂ ಕಾಣುತ್ತೆ. ಒಂದಿನ ನನಗೂ ಸಿಗದ ಹಾಗೆ ಮಾಡ್ಬೇಕು.”